ನೋಡುವ ಕಿಂಡಿಗೆ ಕುಂಕುಮ

ನನ್ನ ಲ್ಯಾಪ್‌ಟಾಪಿನ ಪರದೆ ಇದ್ದಕ್ಕಿದ್ದಂತೆ ಕೆಂಪಾಯಿತು. ಒಂದು ಗಂಟೆಯಿಂದ ಕಾಣುತ್ತಿದ್ದ ಗ್ಯಾಸ್ ಒಲೆ, ರೊಟ್ಟಿ ಬುಟ್ಟಿ, ಶಾಂತವ್ವನವರ ಮುಖ ಎಲ್ಲವೂ ಮಾಯ.

"ಶಾಂತವ್ವಾರ, ಫೋನಿಗೆ ಏನಾತ್ರಿ?" ಎಂದೆ.

ಶಾಂತವ್ವ ವಿಜಯಪುರದ ಕಡೆಯವರು. ನಾಸಿಕದ ಅಂಬಡ್‌ನಲ್ಲಿ ಬಾಡಿಗೆ ಖೋಲಿ, ಕಟ್ಟಡದ ಕೆಲಸ. ಬಡವರ ಅಡುಗೆಮನೆಗಳ ಕುರಿತ ಅಧ್ಯಯನಕ್ಕಾಗಿ ನಾನು ಸಂಭಾಜಿನಗರದಲ್ಲಿ ಕುಳಿತು ವಿಡಿಯೊ ಕಾಲ್‌ನಲ್ಲಿ ಮನೆ ನೋಡುತ್ತೇನೆ. ಕನ್ನಡ ಬರುತ್ತದೆಂದು ಇಂಥ ಮನೆಗಳೆಲ್ಲ ನನ್ನ ಪಾಲಿಗೇ. ಅಂದು ಅದು ಐದನೆಯದು. ಅವರು ನನಗಾಗಿ ಅರ್ಧ ದಿನದ ಕೆಲಸ ಬಿಟ್ಟು ಕುಳಿತಿದ್ದರು. ನನಗೆ ಸಾಕಾಗಿ ಹೋಗಿತ್ತು; ತಲೆ ಕೂಡ ಬಾಚಿರಲಿಲ್ಲವೆಂದು ನನ್ನ ಕ್ಯಾಮೆರಾ ಆಫ್ ಮಾಡಿಟ್ಟಿದ್ದೆ. ಪ್ರಶ್ನೆಗಳು ಮುಗಿದು "ಬರ್ತೀನ್ರಿ" ಎನ್ನುವಷ್ಟರಲ್ಲಿ ಹೀಗಾಯಿತು.

"ಮನಿಗೆ ಬಂದ ಹೆಣ್ಮಗಳು ಕುಂಕುಮ ಇಲ್ದ ಹೋಗಬಾರ್ದ್ರಿ. ನಿಮ್ಮ ಮಾರಿ ಕಾಣವಲ್ದು. ಅದಕ್ಕ ನೀವು ನೋಡೂ ಕಿಂಡಿಗೇ ಹಚ್ಚೀನ್ರಿ."

ನಾಚಿಕೆಯಾಗಿ ಕ್ಯಾಮೆರಾ ಆನ್ ಮಾಡಿದೆ. ದಿನವಿಡೀ ಸಿಮೆಂಟಿನ ಬುಟ್ಟಿ ಹೊರುವ ಶಾಂತವ್ವ ಕೆಂಪಿನ ಆಚೆಯಿಂದ ಕೇಳಿದರು:

"ಅಯ್ಯ, ಎಷ್ಟ್ ದಣದೀರಿ! ಊಟ ಆತೇನ್ರಿ?"

ರೆಕಾರ್ಡಿಂಗಿನ ಕೊನೆಯ ಕೆಂಪು ನಿಮಿಷಗಳು ಕೆಲಸಕ್ಕೆ ಬಾರವೆಂದು ಆಫೀಸಿನವರು ಕತ್ತರಿಸಿದರು. ಶಾಂತವ್ವನವರಿಗೆ ನಾನು ಅಡುಗೆಯ ಬಗ್ಗೆಯೇ ನಲವತ್ತು ಪ್ರಶ್ನೆ ಕೇಳಿದ್ದೆ. ಊಟ ಆಯಿತೇ ಎಂಬುದು ನನ್ನ ಪಟ್ಟಿಯಲ್ಲಿ ಇರಲಿಲ್ಲ.