ದೂರಕ್ಕೆ ಹೊಂದದ ಲೆನ್ಸ್

ಹಳೆಯ ಲೆನ್ಸೊಂದನ್ನು ಅಡಾಪ್ಟರ್ ಎಂಬ ಜೋಡುಬಳೆಯ ಮೂಲಕ ಹೊಸ ಕ್ಯಾಮೆರಾಕ್ಕೆ ಜೋಡಿಸಿಕೊಂಡು ಸತ್ತಿ ಊರಿನ ನಮ್ಮ ಹೊಲಕ್ಕೆ ಹೋಗಿದ್ದೆ. ತಾನು ನಾಟಿ ಮಾಡಿದ ಕಬ್ಬು ಪೂರ್ತಿ ಕಾಣಬೇಕೆಂದು ಅವ್ವ ದೂರದ ಬದುವಿನ ಮೇಲೆ ನಿಂತಳು. ತೆಗೆದ ಚಿತ್ರಗಳೆಲ್ಲ ಮಸುಕಾಗಿದ್ದವು.

"ಎಷ್ಟ ಸಲ ಹೇಳ್ಬೇಕವ್ವಾ, ಅಲಗಾಡಬ್ಯಾಡ!" ಎಂದು ಗದರಿದೆ.

"ಉಸರ ಹಿಡದ ನಿಂತೀನಲೋ ಯಪ್ಪಾ," ಎಂದಳು. ಪದವೀಧರನಾದ ನಾನು ನಂಬಲಿಲ್ಲ.

ಕಬ್ಬು ಕಟಾವಾದ ಮೇಲೆ ಅಥಣಿಯ ಸ್ಟುಡಿಯೊದ ಹಿರಿಯರೊಬ್ಬರು ಕ್ಯಾಮೆರಾ ಪರೀಕ್ಷಿಸಿದರು. "ಲೆನ್ಸ್ ಚಲೋ ಐತ್ರಿ. ಅಡಾಪ್ಟರ್ ಬೇಕಾದ್ದಕ್ಕಿಂತ ಕೂದಲೆಳಿಯಷ್ಟ ದಪ್ಪ ಆಗೇತಿ. ಹತ್ತರದ್ದು ಫೋಕಸ್ ಆಗತೈತಿ, ದೂರದ್ದು ಆಗೂದಿಲ್ಲ."

ತಪ್ಪು ನನ್ನದೆಂದು ಅವ್ವನಿಗೆ ಒಪ್ಪಿಸಿದೆ. ಅವಳು ಸುಮ್ಮನೆ ನಕ್ಕಳು. ಈ ವರ್ಷ ಕಬ್ಬು ಮತ್ತೆ ಬೆಳೆದಿದೆ, ಸರಿಯಾದ ಅಡಾಪ್ಟರೂ ಬಂದಿದೆ. ಕ್ಯಾಮೆರಾ ಎತ್ತಿದರೆ ಅವ್ವ ಪಕ್ಕಕ್ಕೆ ಸರಿಯುತ್ತಾಳೆ.

"ಬರೇ ಕಬ್ಬಿಂದ ಫೋಟೊ ತಗಿಯೋ. ನಾ ಅಲಗಾಡ್ತೀನಿ."