ಎರ್ಮೆಲಿಂದಾಳ ಕೈ

ಚೊಲೋಮಾ ಪಟ್ಟಣದ ಶರ್ಟಿನ ಕಾರ್ಖಾನೆಯ ಗೇಟಿನಲ್ಲಿ ರೊಟ್ಟಿ ಮಾರುವ ಅನ್ಸೆಲ್ಮೊಗೆ ಒಳಗಿನ ಯಜಮಾನ ಎಂಥವನೆಂದು ತಿಳಿಯಲು ಬೋರ್ಡು ಓದಬೇಕಿಲ್ಲ. ಕಾಲರು ಹೊಲಿಯುವ ಎರ್ಮೆಲಿಂದಾ ರೊಟ್ಟಿಯೊಳಗೆ ಏನು ಹಾಕಿಸಿಕೊಳ್ಳುತ್ತಾಳೆಂದು ನೋಡಿದರೆ ಸಾಕು. ಊರಿನ ಸಾಹುಕಾರನ ಕಾಲದಲ್ಲಿ ಬರೀ ಬೇಯಿಸಿದ ಕಾಳು. "ನಮ್ಮವನೇ ಕಣಯ್ಯಾ, ಅದಕ್ಕೇ ಸಂಬಳಕ್ಕೆ ಇಷ್ಟು ಸಲಿಗೆಯಿಂದ ಕಾಯಿಸ್ತಾನೆ," ಎನ್ನುತ್ತಿದ್ದಳು. ಪರದೇಶದವರು ಕೊಂಡ ಮೇಲೆ ಸಂಬಳ ಏರಿತು, ರೊಟ್ಟಿಗೆ ಮೊಟ್ಟೆ ಬಂತು, ಕೂತು ತಿನ್ನುವ ಪುರುಸೊತ್ತು ಹೋಯಿತು. ತನ್ನಷ್ಟು ಬೇಗ ಕಾಲರು ಹೊಲಿಯುವವರು ಇನ್ನೂ ಹುಟ್ಟಿಲ್ಲವೆಂದು ಅವಳು ಬಸ್ಸಿನಲ್ಲಿ, ಚರ್ಚಿನಲ್ಲಿ, ಸಾವಿನ ಮನೆಯಲ್ಲೂ ಹೇಳುತ್ತಾಳೆ. "ನಾನು ಹತ್ತು ಕಾಲರು ಮುಗಿಸೋ ಹೊತ್ತಿಗೆ ನೀನು ಒಂದು ರೊಟ್ಟಿ ಮಗುಚಲ್ಲ," ಎಂದು ಅನ್ಸೆಲ್ಮೊನನ್ನು ಕೆಣಕುತ್ತಾಳೆ. ಅವನು ಚಿಕ್ಕ ಮೊಟ್ಟೆ ಆರಿಸಿ ಸೇಡು ತೀರಿಸಿಕೊಳ್ಳುತ್ತಾನೆ. ಮೊನ್ನೆ ಕಾರ್ಖಾನೆ ಮೂರನೆಯವರ ಕೈಗೆ ಹೋಯಿತು. ಅವರ ಮನುಷ್ಯ ಸ್ಟಾಪ್‌ವಾಚ್ ಹಿಡಿದು, ಎಲ್ಲರಿಗಿಂತ ಚುರುಕಿನವಳು ಯಾರೆಂದು ವಿಚಾರಿಸಿ ಎರ್ಮೆಲಿಂದಾಳ ಪಕ್ಕದಲ್ಲೇ ನಿಂತ. ಅವಳ ವೇಗವೇ ಇನ್ನು ಎಲ್ಲರ ಟಾರ್ಗೆಟ್. ಮುಟ್ಟದವರ ಸಂಬಳಕ್ಕೆ ಕತ್ತರಿ. ಎರ್ಮೆಲಿಂದಾ ಅಂದು ಮೊದಲ ಸಲ ಮಷೀನು ಮುಟ್ಟಿದವಳಂತೆ ಹೊಲಿದಳು, ಎರಡು ಸಲ ದಾರ ಕಡಿದುಕೊಂಡಳು. "ಇವರೇನಾ ಆ ಚುರುಕಿನವರು? ಅಜ್ಜಿ, ನಿಮ್ ಕೈ ಸೋತಿದೆ," ಎಂದು ಅವನು ನಕ್ಕ. "ಹೌದು ಮಗಾ, ವಯಸ್ಸಾಯ್ತು," ಎಂದಳು. ಸುತ್ತಲಿನ ಮುನ್ನೂರು ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ಸಂಜೆಯೊಳಗೆ ಸುದ್ದಿ ಗೇಟಿಗೂ ಬಂದಿತ್ತು. ಅನ್ಸೆಲ್ಮೊ ಬುಟ್ಟಿಯನ್ನೆಲ್ಲ ತಡಕಿ ಎಲ್ಲಕ್ಕಿಂತ ದೊಡ್ಡ ಮೊಟ್ಟೆಯನ್ನು ಅವಳಿಗೆಂದು ಒಡೆದ. "ಬೇಗ ಆಗ್ಲಯ್ಯಾ," ಎಂದಳು ಎರ್ಮೆಲಿಂದಾ, "ನಿನ್ ಕೈಯೂ ಸೋತಿದ್ಯಾ?"