ಒಗ್ಗರಣೆ ಹಾಕದ ಹುರುಳಿ ಸಾರು

ತೇನಿಯ ಬೈಪಾಸಿನಲ್ಲಿ ಆ ಹೋಟೆಲಿನ ಹೊಸ ಬ್ರಾಂಚು ತೆರೆಯುವುದಕ್ಕೆ ಮೊದಲೇ ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ದಿಂಡಿಗಲ್ಲಿನಲ್ಲಿ ಹುಟ್ಟಿ, ಚಿನ್ನಾಳಪಟ್ಟಿ, ವತ್ತಲಗುಂಡು, ಪೆರಿಯಕುಳಂ ಎಂದು ಹೆದ್ದಾರಿ ಹಿಡಿದು ನಮ್ಮ ಕಡೆಗೇ ನಡೆದುಕೊಂಡು ಬಂದ ಹೋಟೆಲು ಅದು. ಹೋದಲ್ಲೆಲ್ಲ ಒಂದೇ ಬೋರ್ಡು: ಎಲ್ಲವೂ ಈ ಮಣ್ಣಿನದೇ. ಸಜ್ಜೆ ಹಿಟ್ಟಿನ ಬನ್ನಿನೊಳಗೆ ನುಗ್ಗೆಸೊಪ್ಪಿನ ವಡೆ ಇಟ್ಟು ಬರ್ಗರ್ ಅನ್ನುತ್ತಾರೆ. ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ಹಿಡಿದು ನಿಂತರೆ ಗೋಡೆಯ ಮೇಲೆ ನಂಬರು ಮಿನುಗುತ್ತದೆ. ಹೋಗಿ ಎತ್ತಿಕೊಂಡು ಬರಬೇಕು.

ಪೆರಿಯಕುಳಂ ಬ್ರಾಂಚಿಗೆ ನಾನು ಒಮ್ಮೆ ಹೋಗಿದ್ದೆ. ಸಿಮೆಂಟು ಗೋಡೆಗೆ ಮಣ್ಣಿನ ಬಣ್ಣ ಬಳಿದು, ಬಿರುಕು ಬಿಟ್ಟಂತೆ ಬೇಕೆಂದೇ ಗೆರೆ ಎಳೆದಿದ್ದರು. ಬಾಗಿಲಲ್ಲಿ ಬೀಸುವ ಕಲ್ಲೊಂದನ್ನು ಇಟ್ಟು ಅದರ ಗೂಟದ ತೂತಿನಲ್ಲಿ ಗಿಡ ನೆಟ್ಟಿದ್ದರು. ಗೋಡೆಯ ಮೇಲೆ ನಗುತ್ತಾ ನಿಂತ ರೈತನ ಫೋಟೋ. ಅವನು ತಲೆಗೆ ಸುತ್ತಿದ್ದಂಥ ಬಿಳಿ ಟವಲನ್ನು ನಮ್ಮ ಕಣಿವೆಯಲ್ಲಿ ಯಾರೂ ತೋಟಕ್ಕೆ ಸುತ್ತಿಕೊಂಡು ಹೋಗುವುದಿಲ್ಲ, ಮದುವೆಗೆ ಹೋಗುತ್ತಾರೆ. ಕೈ ತೊಳೆಯಲು ಹಿಂದಕ್ಕೆ ಹೋದರೆ, ಭೂಮಿ ಉಳಿಸುವ ಆ ಅಡಿಕೆ ಹಾಳೆಯ ತಟ್ಟೆಗಳೆಲ್ಲ ಒಂದೊಂದು ಕಟ್ಟಿಗೂ ಪ್ಲಾಸ್ಟಿಕ್ ಸುತ್ತಿಸಿಕೊಂಡು ಬಂದು ಕೂತಿದ್ದವು, ಸುಲಿದ ಪ್ಲಾಸ್ಟಿಕ್ಕೆಲ್ಲ ಕಾಲುವೆಯ ದಡದಲ್ಲಿ ಬಿದ್ದಿತ್ತು. ಥೂ ಅನ್ನಿಸಿತು. ಆದರೆ ಬಾಯಿ ಬಿಟ್ಟು ಏನೂ ಅನ್ನುವಂತಿರಲಿಲ್ಲ. ಯಾಕೆಂದರೆ ಅಲ್ಲಿ ಏನು ಬೇಯಬೇಕು ಎಂದು ಹೇಳುವವರಲ್ಲಿ ನನ್ನ ಅಣ್ಣನ ಮಗಳೂ ಒಬ್ಬಳು.

ಅವಳು ಕೊಯಮತ್ತೂರಿನಲ್ಲಿ ಅಡುಗೆಯನ್ನೇ ಓದಿ ಪಾಸಾದವಳು. ಮಾರ್ಕಯನ್‌ಕೋಟ್ಟೈಯಲ್ಲಿ ಒಬ್ಬಳೇ ನುಗ್ಗೆ ತೋಟ ನೋಡಿಕೊಂಡಿರುವ ನನ್ನ ಅತ್ತಿಗೆಗೆ ಇರುವವಳು ಅವಳೊಬ್ಬಳೇ. ಮಗಳ ಕೆಲಸದ ವಿಷಯ ಬಂದರೆ ಅತ್ತಿಗೆ ಸೆರಗನ್ನು ಸರಿಮಾಡಿಕೊಂಡು ಕೂರುತ್ತಿದ್ದಳು. ಅದನ್ನು ನೋಡಿ ನಾನು ನಾಲಿಗೆ ಬಿಗಿಹಿಡಿದಿದ್ದೆ.

ಅವತ್ತು ಪೆರಿಯಕುಳಂನಲ್ಲಿ ಕೈ ಒರೆಸಿಕೊಂಡು ಬಂದು ಬೋರ್ಡು ಓದಿದೆ. ತಮಿಳಿನಲ್ಲಿ ದಪ್ಪಕ್ಕೆ ಬರೆದಿದ್ದರು: ಕನ್ನಡದವರ ಮನೆಯ ಹುರುಳಿ ಬೌಲ್. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ಸಾಕೆನ್ನುವವರೆಗೂ ಬಡಿಸಲಾಗುವುದು.

ಪಕ್ಕದ ಮೇಜಿನಲ್ಲಿ ಕಾಲೇಜು ಹುಡುಗಿಯರು ಅದನ್ನೇ ಇಟ್ಟುಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದರು. ಇಡೀ ಹುರುಳಿ, ನುಗ್ಗೆಸೊಪ್ಪು, ಜಜ್ಜಿದ ಒಣಮೆಣಸಿನಕಾಯಿ, ನಡುವೆ ಜೋಳದ ಮುದ್ದೆ. ಅನುಮಾನವೇ ಇರಲಿಲ್ಲ. ಅದು ನಮ್ಮಲ್ಲಿ ಸಾವಿನ ಮನೆಯ ಊಟ.

ತಲೆಮಾರುಗಳಿಂದ ಈ ತಮಿಳು ಸೀಮೆಯಲ್ಲೇ ಇರುವ ನಮ್ಮ ಕನ್ನಡದವರಲ್ಲಿ ಹೆಣ ಎತ್ತಿದ ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಎಲ್ಲರೂ ತಲೆಗೆ ನೀರು ಹೊಯ್ದುಕೊಂಡು ಬಂದ ಮೇಲೆ ಆ ಮನೆಯ ಹೆಂಗಸಿನ ತವರಿನಿಂದ ಒಂದು ಗಡಿಗೆ ಬರುತ್ತದೆ. ಅದರಲ್ಲಿರುವುದು ಇದು. ಇದಕ್ಕೊಂದು ಹೆಸರು ಕೂಡ ಇಲ್ಲ. ತವರಿನ ಗಡಿಗೆ ಬಂತು ಎನ್ನುತ್ತಾರೆ, ಅಷ್ಟೇ. ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ, ಇನ್ನೊಂದು ಸೌಟು ಹಾಕು ಎಂದು ಯಾರೂ ಕೇಳುವುದಿಲ್ಲ. ಮಿಕ್ಕ ದಿನಗಳಲ್ಲಿ ಹುರುಳಿ ಬೇಯಿಸಿದರೆ ಒಗ್ಗರಣೆ ಹಾಕಲೇಬೇಕು. ಸಾಸಿವೆ ಮುಗಿದಿದ್ದರೆ ನನ್ನ ಅಮ್ಮ ಪಕ್ಕದ ಮನೆಗೆ ಓಡಿ ಚಿಟಿಕೆ ಕಡ ತಂದು ಸಿಡಿಸುತ್ತಿದ್ದಳೇ ಹೊರತು ಹಾಗೇ ಇಳಿಸುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಸುಮ್ಮನಿರು ಎನ್ನುತ್ತಿದ್ದಳು. ಅದರ ಮಾತೆತ್ತಿದರೆ ಅದು ಬಂದುಬಿಡುತ್ತದೆ ಎಂಬ ಭಯ.

ಅಣ್ಣ ಹೋಗಿ ಆಗ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ತೋಟಕ್ಕೆ ನೀರು ಕಟ್ಟಲು ಹೋದವನು ಬದುವಿನ ಮೇಲೆ ಕೂತ, ಏಳಲಿಲ್ಲ. ಕೊಯಮತ್ತೂರಿನಿಂದ ಬಸ್ಸು ಬದಲಿಸಿ ಬದಲಿಸಿ ಬಂದ ಮಗಳು ಏನೂ ತಿಂದಿರಲಿಲ್ಲ. ಅತ್ತಿಗೆಯ ತಮ್ಮ ಗಡಿಗೆ ತಂದಿಳಿಸಿದ. ಹುಡುಗಿ ಗೋಡೆಗೆ ಒರಗಿ, ಕಣ್ಣೀರು ಸುರಿಸುತ್ತಲೇ ಎಲೆಯಲ್ಲಿದ್ದುದನ್ನೆಲ್ಲ ಬಳಿದು ತಿಂದಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮನೆಗೆ ಬಂದವಳೇ ಅವಳಿಗೆ ಫೋನು ಮಾಡಿದೆ. ಏನೇ ಇದು, ನಿನಗೆ ತಲೆ ನೆಟ್ಟಗಿದೆಯಾ ಎಂದೆ. ಅವಳಿಗೆ ನಮ್ಮ ಮನೆಮಾತು ಅರ್ಥವಾಗುತ್ತದೆ, ಆಡಲು ತಡವರಿಸುತ್ತಾಳೆ. ಅರ್ಧ ತಮಿಳಿನಲ್ಲೇ ಉತ್ತರ ಕೊಟ್ಟಳು.

"ಅತ್ತೆ, ಅವತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದೇ ಆ ಊಟ. ಅಪ್ಪನ ನೆನಪಿಗೆ ಅಂತ ಮಾಡಿದೆ."

"ಅದನ್ನ ಸಾವಿಲ್ಲದ ಮನೇಲಿ ಬೇಯ್ಸಂಗಿಲ್ಲ. ನಿಂಗೆ ಗೊತ್ತಿಲ್ವಾ?"

"ಯಾರು ಹೇಳಿದ್ರು ನಂಗೆ? ನೀವು ಹೇಳಿದ್ರಾ? ಅಮ್ಮ ಹೇಳಿದ್ಲಾ?"

ಅದು ನಿಜ. ಯಾರೂ ಹೇಳಿರಲಿಲ್ಲ. ಹೇಳದೆ ಇರುವುದೇ ನಮ್ಮಲ್ಲಿ ಸಂಪ್ರದಾಯ. ಆದರೂ ನನ್ನ ಮೈ ಉರಿ ಇಳಿಯಲಿಲ್ಲ. ತೆಗೆಸಿಬಿಡು ಎಂದೆ. ಅವಳು ಮಾಲೀಕರ ಹತ್ತಿರ ಮಾತಾಡಿದಳಂತೆ. ಎಣ್ಣೆ ಬೇಡ ಎನ್ನುವವರು ಅದಕ್ಕೇ ಮುಗಿಬೀಳುತ್ತಾರೆ, ತೇನಿಯಲ್ಲಿ ಅದನ್ನೇ ಮುಂದಿಟ್ಟು ಅಂಗಡಿ ತೆರೆಯುತ್ತೇವೆ, ಎಲ್ಲ ಬ್ರಾಂಚಿನ ಅಡುಗೆಮನೆಗೂ ನಿನ್ನನ್ನು ಮುಖ್ಯಸ್ಥೆ ಮಾಡುವುದೂ ಆವತ್ತೇ ಎಂದರಂತೆ. ಆಮೇಲೆ ಅವಳು ತೆಗೆಸುವ ಮಾತೆತ್ತಲಿಲ್ಲ. ಮುಹೂರ್ತಕ್ಕೆ ಅತ್ತಿಗೆ ಬರುವವಳಿದ್ದಳು. ನಾನು ಕೊನೆಗೆ ಕೇಳಿಕೊಂಡಿದ್ದು ಒಂದೇ: ನೀನು ಏನಾದರೂ ಮಾಡಿಕೋ, ಅದು ನಿಮ್ಮಮ್ಮನ ಕಣ್ಣಿಗೆ ಬೀಳಬಾರದು, ಅವಳ ಮುಂದೆ ಇಡಬಾರದು.

"ಇಡಲ್ಲ ಅತ್ತೆ, ಸತ್ಯವಾಗಿ," ಎಂದಳು.

ಮುಹೂರ್ತದ ಬೆಳಗ್ಗೆ ಅತ್ತಿಗೆ ಚಿನ್ನಾಳಪಟ್ಟಿ ಸೀರೆಯುಟ್ಟು ಮೊದಲ ಬಸ್ಸಿಗೇ ಬಂದಿಳಿದಳು. ಅಣ್ಣ ಹೋದ ಮೇಲೆ ಅವಳು ಗಂಜಿ ಹಾಕಿದ ಸೀರೆ ಉಟ್ಟಿದ್ದು ಅದೇ ಮೊದಲು. ಹೋಟೆಲಿನ ಮುಂದೆ ಬಾಳೆಕಂಬ ಕಟ್ಟಿದ್ದರು. ಒಳಗೆ ಎ.ಸಿ. ಗುಂಯ್ಗುಡುತ್ತಿತ್ತು. ಮಾಲೀಕ ಖಾದಿ ಅಂಗಿ ತೊಟ್ಟು, ನಾವು ಭೂಮಿತಾಯಿಗೆ ಮರಳಿ ಕೊಡುತ್ತಿದ್ದೇವೆ ಎಂದು ಮೈಕಿನಲ್ಲಿ ಹೇಳಿದ. ಕೌಂಟರಿನ ಮುಂದೆ ಜನ ಸಾಲುಗಟ್ಟಿದ್ದರು. ನಾನು ಅತ್ತಿಗೆಯನ್ನು ಬೋರ್ಡಿಗೆ ಬೆನ್ನು ಮಾಡಿ ಕೂರಿಸಿದೆ. ಹೇಗೂ ಅವಳಿಗೆ ಕನ್ನಡಕವಿಲ್ಲದೆ ಓದಲಾಗುವುದಿಲ್ಲ, ಇಲ್ಲಿಂದ ಬೇಗ ಎಬ್ಬಿಸಿಕೊಂಡು ಹೋದರಾಯಿತು ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ಮಾಲೀಕ, ಈ ಊಟವನ್ನು ನಮಗೆ ಕೊಟ್ಟ ತಾಯಿಯೇ ಮೊದಲ ತುತ್ತು ತಿನ್ನಲಿ ಎಂದ. ಫೋಟೋದವನು ಮೇಜಿನ ಮುಂದೆ ಬಗ್ಗಿ ಕೂತ. ಅಣ್ಣನ ಮಗಳು ಅಡುಗೆಮನೆಯಿಂದ ಬಂದಳು, ಕೈಯಲ್ಲಿ ತಟ್ಟೆ. ನನ್ನ ಕಡೆ ಮುಖ ಎತ್ತಲಿಲ್ಲ. ಅಮ್ಮನ ಮುಂದೆ ಹುರುಳಿಯ ಬೌಲು ಇಟ್ಟಳು. ಪಕ್ಕದಲ್ಲಿ ಒಂದು ರಟ್ಟಿನ ಚೀಟಿ ನಿಲ್ಲಿಸಿದಳು. ಅದರ ಮೇಲೆ ನನ್ನ ಅಣ್ಣನ ಫೋಟೋ. ಯಾವುದೋ ಮದುವೆಯಲ್ಲಿ ಸೌಟು ಹಿಡಿದು ನಗುತ್ತಿದ್ದಾಗ ತೆಗೆದದ್ದು. ಕೆಳಗೆ, ನಮ್ಮ ಮನಸ್ಸಿಗೆ ಸಮಾಧಾನ ತಂದ ಊಟ ಎಂದು ಬರೆದು ಒಂದು ಹಸಿರು ಎಲೆಯ ಗುರುತು ಒತ್ತಿದ್ದರು.

ನಮ್ಮಣ್ಣನ ಸಾವನ್ನು ಇವರು ಬೇಯಿಸಿ, ಮಾರಿ, ಮೇಲೆ ಬೇಕಾದರೆ ಇನ್ನಷ್ಟು ಬಡಿಸುತ್ತೇವೆ ಎನ್ನುತ್ತಿದ್ದಾರೆ. ಏಳಲು ಹೋದೆ. ಅತ್ತಿಗೆ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿ ಹಿಡಿದಳು. ಬೌಲನ್ನು ನೋಡಿದಳು. ಚೀಟಿಯನ್ನು ನೋಡಿದಳು. ಅದನ್ನು ಓದಲು ಅವಳಿಗೆ ಕನ್ನಡಕ ಬೇಕಿರಲಿಲ್ಲ.

ಆಮೇಲೆ ತಿಂದಳು. ಒಂದು ತುತ್ತಲ್ಲ, ಪೂರ್ತಿ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ತಲೆ ಎತ್ತದೆ, ಯಾರ ಜೊತೆಯೂ ಮಾತಾಡದೆ, ತಳ ಕಾಣುವವರೆಗೂ ತಿಂದಳು. ಫೋಟೋದವನು ಇತ್ತ ನೋಡಿ ಅಮ್ಮಾ, ನಗಿ ಅಮ್ಮಾ ಎನ್ನುತ್ತಲೇ ಇದ್ದ. ಬಡಿಸುವ ಹೆಂಗಸು ಸೌಟು ತಂದಾಗ ಬೌಲಿನ ಮೇಲೆ ಅಂಗೈ ಅಡ್ಡ ಇಟ್ಟಳು. ಜನ ಚಪ್ಪಾಳೆ ತಟ್ಟಿದರು, ಮಾಲೀಕ ಹೂಗುಚ್ಛ ಕೊಟ್ಟ, ಟೋಕನ್ ನಂಬರುಗಳು ಮಿನುಗತೊಡಗಿದವು. ನಾನು ಹಿಂದಿನ ಬಾಗಿಲಿಂದ ಆಚೆ ಹೋಗಿ ಚರಂಡಿಯ ಬಳಿ ಬಗ್ಗಿ ಕುಡಿದ ಕಾಫಿಯನ್ನೆಲ್ಲ ಕಾರಿಕೊಂಡೆ.

ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವಾಗ ನನ್ನ ಬಾಯಿಗೆ ಕಡಿವಾಣವೇ ಇರಲಿಲ್ಲ. ಆ ಮಾಲೀಕನನ್ನು, ಅವನ ಹಸಿರು ಎಲೆಯನ್ನು, ಕೊಟ್ಟ ಮಾತು ತಪ್ಪಿದ ಇವಳ ಮಗಳನ್ನು, ಎಲ್ಲರನ್ನೂ ಬೈದೆ. ಕೊನೆಗೆ ಅವಳನ್ನೇ ಕೇಳಿದೆ:

"ನೀ ಯಾಕ್ ತಿಂದೆ ಅತ್ತಿಗೆ? ಎಸೆದು ಎದ್ದು ಬರೋದಲ್ವಾ? ನನ್ ಜೀವ ಹೇಸಿಗೆ ಆಗೋಯ್ತು."

ಅವಳು ಹೂಗುಚ್ಛವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೀದಿ ನೋಡುತ್ತಿದ್ದಳು.

"ಸಾಲಲ್ಲಿ ಜನ ನಿಂತಿದ್ರಲ್ಲ ಅಮ್ಮಣ್ಣಿ. ನಾ ತಿನ್ನದಿದ್ರೆ ಅವ್ರು ತಿಂದ್ಬುಡ್ತಿದ್ರು."

"ತಿನ್ಲಿ. ನಮಗೇನು?"

"ಗಡಿಗೆ ಬಂದ್ರೆ ತಾಲಿ ಕಳಕೊಂಡವಳು ಮೊದ್ಲು ತಿನ್ಬೇಕು. ಅವಳು ತಿಂದ್ಮೇಕೆ ಅದು ಬರೀ ಊಟ. ಯಾರ್ ಬೇಕಾದ್ರೂ ತಿನ್ಲಾಂ. ಅದ್ಕೂ ಮುಂಚೆ ಬೇರೆಯವ್ರು ಬಾಯಿಗಾಕಿದ್ರೆ ಬೇಯ್ಸಿದ ಕೈಗೆ ಸುತ್ಕೊಂತದೆ. ಬೇಯ್ಸಿದ್ದು ನನ್ ಮಗಳು."

ಗಂಡ ಸತ್ತವಳಿಗೆ ಮೊದಲು ಬಡಿಸುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಅವಳ ಮೇಲಿನ ಕನಿಕರಕ್ಕೆ ಎಂದೇ ತಿಳಿದಿದ್ದೆ. ಅವಳು ಎಲ್ಲರ ಪಾಲಿನ ಸಾವನ್ನೂ ತಾನೇ ನುಂಗಿಕೊಳ್ಳಲಿ ಎಂದು ಮೊದಲು ಬಡಿಸುತ್ತಾರೆ ಎಂದು ನನಗೂ ಯಾರೂ ಹೇಳಿರಲಿಲ್ಲ. ಆ ಹೋಟೆಲಿನವರ ಮೇಲಿದ್ದ ಅಸಹ್ಯ ಒಂದು ಗಳಿಗೆ ನಮ್ಮವರ ಮೇಲೆಯೇ ತಿರುಗಿತು. ಇಂಥದ್ದನ್ನು ಹೆಂಗಸಿನ ಎಲೆಗೆ ಬಡಿಸಿ, ಬಾಯಿ ಮುಚ್ಚಿಕೊಂಡು, ಪದ್ಧತಿ ಎಂದು ಹೇಳಿಕೊಂಡು ಬಂದವರು ನಾವೇ ತಾನೇ.

ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವಳು ಕೇಳಿದಳು, "ಇನ್ನ ಯಾವ್ಯಾವ ಊರಲ್ಲಿ ಐತೆ ಆ ಅಂಗಡಿ?"

ಹೇಳಿದೆ. ಅಲ್ಲೆಲ್ಲ ಆಗಲೇ ಎಷ್ಟೋ ಜನ ತಿಂದಾಯಿತು ಅತ್ತಿಗೆ, ಇನ್ನು ನೀನು ಹೋಗಿ ಏನು ಮಾಡುತ್ತೀ ಎಂದೆ. ಆದದ್ದು ಆಯಿತು, ಯಾರು ಬೇಯಿಸಿದರೂ ಹೇಳಿಕೊಟ್ಟ ಕೈ ನನ್ನ ಮಗಳದು, ದಿನಾ ಹೊಸದಾಗಿ ತಾನೇ ಬೇಯಿಸುತ್ತಾರೆ, ಒಂದೊಂದು ಕಡೆ ಒಂದೊಂದು ಸಲ ನಾನು ಮೊದಲು ತಿಂದು ಬಂದರೆ ನನ್ನ ಮನಸ್ಸಿಗೆ ಸಾಕು ಎಂದಳು. ಯಾಕೆ ತಿನ್ನುತ್ತೇನೆಂದು ಮಗಳಿಗೆ ಹೇಳಕೂಡದು ಎಂದೂ ಹೇಳಿದಳು. ಹೇಳಿದರೆ ಹುಡುಗಿ ಹೆದರಿ ಒಲೆಯ ಮುಂದೆ ನಿಲ್ಲಲಾರದೆ ಹೋಗುತ್ತಾಳೆ, ಸಿಕ್ಕಿದ ಕೆಲಸ ಬಿಟ್ಟುಬಿಡುತ್ತಾಳೆ. ಅದೂ ನಮ್ಮಿಂದ ಆಗಬಾರದು ಅಂದಳು.

ನಾನು ಇಂಥದ್ದನ್ನೆಲ್ಲ ಪೂರ್ತಿ ನಂಬುವವಳಲ್ಲ. ಆದರೂ ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಪೆರಿಯಕುಳಂಗೆ ಹೋದೆವು. ಇನ್ನೊಂದು ದಿನ ವತ್ತಲಗುಂಡು. ಅಂಗಡಿ ತೆರೆಯುವ ಮುಂಚೆಯೇ ಹೋಗಿ ಶಟರಿನ ಮುಂದೆ ನಿಲ್ಲುವುದು, ಮೊದಲ ಟೋಕನ್ ಅವಳು ತೆಗೆದುಕೊಳ್ಳುವುದು. ಖಾರಕ್ಕೆ ಅವಳ ಹೊಟ್ಟೆ ಉರಿಯುತ್ತಿತ್ತು, ದಾರಿಯುದ್ದಕ್ಕೂ ನೀರು ಕುಡಿಯುತ್ತಿದ್ದಳು. ಒಗ್ಗರಣೆಯಿಲ್ಲದ ಆ ಹುರುಳಿಯ ಹಸಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಅವಳು ಮಾತ್ರ ತಳ ಕಾಣುವವರೆಗೂ ತಿಂದೇ ಏಳುವಳು. ಹೋಟೆಲಿನವರು ಖುಷಿಯಾಗಿ ಅವಳ ಫೋಟೋ ತೆಗೆದುಕೊಂಡು ಎಲ್ಲ ಬ್ರಾಂಚಿಗೂ ಕಳಿಸಿದರು.

ಚಿನ್ನಾಳಪಟ್ಟಿಯಲ್ಲಿ ತಿಂದು, ದಿಂಡಿಗಲ್ಲಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅಣ್ಣನ ಮಗಳು ನನಗೆ ಫೋನು ಮಾಡಿದಳು. ಅವಳಿಗೆ ಖುಷಿಯೋ ಖುಷಿ.

"ಅತ್ತೆ, ಅಮ್ಮ ಎಲ್ಲಾ ಬ್ರಾಂಚಿಗೂ ಹೋಗಿ ತಿಂತಿದ್ದಾಳಂತೆ. ನೀವು ಅಷ್ಟೊಂದು ಬೈದ್ರಿ. ಅಮ್ಮಂಗೆ ಕೋಪನೇ ಇಲ್ಲ. ಅವಳ ಕೈಗೆ ಕೊಡಿ."

ನಾನು ಬಾಯಿ ತೆರೆದೆ. ಅತ್ತಿಗೆ ಬೇಡ ಎಂದು ತಲೆಯಾಡಿಸಿ ಫೋನು ಕಿತ್ತುಕೊಂಡಳು. ಆ ಕಡೆಯಿಂದ ಮಗಳು ಕೇಳಿದ್ದು ನನಗೂ ಕೇಳಿಸಿತು.

"ಅಮ್ಮ, ನಿಜ ಹೇಳು. ಚೆನ್ನಾಗಿದ್ಯಾ?"

ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಿಮ್ಮಪ್ಪ ಸತ್ತಾಗ ಬಂದಿತ್ತಲ್ಲ ತಾಯಿ, ಅಷ್ಟೇ ಚೆನ್ನಾಗೈತೆ."

ಅತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟು, ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದಳು.